ದಾವಣಗೆರೆಯಲ್ಲಿ ಸ್ವಂತ ಪರ್ಸನಲ್ ಟ್ರೈನಿಂಗ್ ಸ್ಟುಡಿಯೊ: ವರ್ಷದ ಶುಲ್ಕವನ್ನು ಮುಂಗಡವಾಗಿ ಪಡೆಯಬೇಕೇ, ಬೇಡವೇ?

ದಾವಣಗೆರೆ ಟ್ರೈನರ್

ಎಲ್ಲರಿಗೂ ನಮಸ್ಕಾರ. ಹಲವು ವರ್ಷಗಳಿಂದ ಒಂದು ದೊಡ್ಡ ಜಿಮ್‌ನಲ್ಲಿ ಪರ್ಸನಲ್ ಟ್ರೈನರ್ ಆಗಿದ್ದೇನೆ. ಗ್ರಾಹಕರು ಕಟ್ಟುವ ಪರ್ಸನಲ್ ಟ್ರೈನಿಂಗ್ ಶುಲ್ಕದಲ್ಲಿ ಮೂರನೆಯ ಒಂದು ಭಾಗ ಮಾತ್ರ ನನ್ನ ಕೈಗೆ ಬರುತ್ತದೆ. ಈಗ ವಿದ್ಯಾನಗರದ ಕಡೆ 900 ಚದರ ಅಡಿಯ ಮೊದಲ ಮಹಡಿಯೊಂದು ತಿಂಗಳಿಗೆ 28,000 ರೂಪಾಯಿ ಬಾಡಿಗೆಗೆ ಸಿಗುತ್ತಿದೆ. ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ ಜಿಮ್ ಮಾಡುವ ಆಸೆ ನನಗಿಲ್ಲ. ಒಬ್ಬೊಬ್ಬರನ್ನೇ ಅಥವಾ ಇಬ್ಬರು ಮೂವರನ್ನು ಒಟ್ಟಿಗೆ ನಿಲ್ಲಿಸಿ ಕಲಿಸುವ ಸ್ಟುಡಿಯೊ ಮಾಡಬೇಕು.

ಉಪಕರಣಕ್ಕೂ ಒಳಗಿನ ಕೆಲಸಕ್ಕೂ ಸುಮಾರು 8 ಲಕ್ಷ ಬೇಕು. ಮುದ್ರಾ ಸಾಲಕ್ಕೆ ಅರ್ಜಿ ಹಾಕುವ ಯೋಚನೆಯಲ್ಲಿದ್ದೇನೆ. ಗೆಳೆಯರು ಬೇರೆಯದನ್ನೇ ಹೇಳುತ್ತಾರೆ: "ಸಾಲ ಯಾಕೆ? ಬಾಗಿಲು ತೆರೆಯುವ ಮೊದಲೇ ನೂರು ಜನರಿಗೆ ಹತ್ತು ಸಾವಿರದಂತೆ ವರ್ಷದ ಸದಸ್ಯತ್ವ ಮಾರು, ಹತ್ತು ಲಕ್ಷ ಕೈಗೆ ಬರುತ್ತದೆ." ನನಗೆ ಧೈರ್ಯ ಬರುತ್ತಿಲ್ಲ. ಇನ್ನೊಂದು ಆತಂಕವೂ ಇದೆ. ಈಗಿನ ಜಿಮ್‌ನ ಕರಾರಿನಲ್ಲಿ, ಕೆಲಸ ಬಿಟ್ಟ ಎರಡು ವರ್ಷ ಐದು ಕಿಲೋಮೀಟರ್ ಒಳಗೆ ಜಿಮ್ ತೆರೆಯಬಾರದು ಎಂಬ ಷರತ್ತಿದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿ ಸ್ಟುಡಿಯೊ

ತಮ್ಮಾ, ನಿಮ್ಮ ಹಿಂಜರಿಕೆ ಸರಿಯಾಗಿದೆ. ಮುಂಗಡವಾಗಿ ಬಂದ ಹತ್ತು ಲಕ್ಷ ನಿಮ್ಮ ಆದಾಯವಲ್ಲ, ಹನ್ನೆರಡು ತಿಂಗಳು ಸೇವೆ ಕೊಟ್ಟು ತೀರಿಸಬೇಕಾದ ಋಣ. ಬ್ಯಾಂಕಿನ ಸಾಲ ಒಬ್ಬರ ಹತ್ತಿರ ಇರುತ್ತದೆ, ಈ ಋಣ ನೂರು ಮನೆಗಳಲ್ಲಿ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಬಾಡಿಗೆ 28,000, ವಿದ್ಯುತ್ ಮತ್ತು ನೀರು 6,000, ಸ್ವಚ್ಛತೆಗೆ 5,000, ಇಂಟರ್ನೆಟ್, ಲೆಕ್ಕಿಗರು, ದುರಸ್ತಿಗೆಂದು ತೆಗೆದಿಡುವ ಹಣ ಸೇರಿ 6,000. ಸಾಲದ ಕಂತು ಇಲ್ಲದೆಯೇ ತಿಂಗಳಿಗೆ 45,000 ಆಯಿತು, ವರ್ಷಕ್ಕೆ 5 ಲಕ್ಷದ 40 ಸಾವಿರ. ಹತ್ತು ಲಕ್ಷದಲ್ಲಿ ಇದನ್ನು ಕಳೆದರೆ ಉಳಿಯುವುದು 4 ಲಕ್ಷದ 60 ಸಾವಿರ. ಅದರಲ್ಲಿ ಉಪಕರಣವೂ ಬರಬೇಕು, ನಿಮ್ಮ ಮನೆಯೂ ನಡೆಯಬೇಕು. ಆಗುವುದಿಲ್ಲ. ಆಗದಿದ್ದಾಗ ಜನವರಿಯಲ್ಲಿ "ಹೊಸ ವರ್ಷದ ಭಾರಿ ರಿಯಾಯಿತಿ" ಎಂದು ಬ್ಯಾನರ್ ಕಟ್ಟಿ ಇನ್ನೊಂದು ನೂರು ಜನರಿಂದ ಪಡೆಯುತ್ತೀರಿ. ಹೊಸಬರ ಹಣದಲ್ಲಿ ಹಳಬರ ಬಾಡಿಗೆ ಕಟ್ಟುವ ಸ್ಥಿತಿಗೆ ಬಂದ ಜಿಮ್‌ಗಳನ್ನು ನಮ್ಮ ಕಡೆ ಕಣ್ಣಾರೆ ನೋಡಿದ್ದೇನೆ. ಒಂದು ಬೆಳಿಗ್ಗೆ ಬೀಗ ಬೀಳುತ್ತದೆ, ಸದಸ್ಯರು ಬಾಗಿಲ ಮುಂದೆ ನಿಂತಿರುತ್ತಾರೆ, ಟ್ರೈನರ್‌ಗಳಿಗೆ ಎರಡು ತಿಂಗಳ ಸಂಬಳ ಬಾಕಿ ಇರುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ವರ್ಷದ ಶುಲ್ಕ ಪಡೆದವನಿಗೆ ಸದಸ್ಯ ಬಾರದಿದ್ದರೇ ಲಾಭ. 900 ಚದರ ಅಡಿಯಲ್ಲಿ ನೂರು ಜನ ನಿಜವಾಗಿ ಬಂದರೆ ಸಂಜೆ ನಿಲ್ಲುವುದಕ್ಕೂ ಜಾಗವಿರುವುದಿಲ್ಲ. ಹಾಗಾಗಿ ಅವರು ಬಾರದಿರಲಿ ಎಂದು ಒಳಗೊಳಗೇ ಬಯಸುವ ವ್ಯಾಪಾರ ಅದು. ಪರ್ಸನಲ್ ಟ್ರೈನಿಂಗ್ ಅದಕ್ಕೆ ಪೂರ್ತಿ ವಿರುದ್ಧ. ಬಂದರೆ ಮಾತ್ರ ದುಡಿಮೆ. ನಾಲ್ಕನೆಯ ತಿಂಗಳಿಗೆ ಎಷ್ಟು ಜನ ಮತ್ತೆ ಹಣ ಕಟ್ಟಿದರು ಎಂಬ ಒಂದೇ ಸಂಖ್ಯೆಯ ಮೇಲೆ ನಮ್ಮ ಸ್ಟುಡಿಯೊ ನಿಂತಿದೆ.

ಬೆಂಗಳೂರು ಮ್ಯಾನೇಜರ್

ಹುಬ್ಬಳ್ಳಿ ಸರ್ ಮಾತನ್ನು ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪುವುದಿಲ್ಲ. ಮುಂಗಡ ಹಣವಿಲ್ಲದೆ ಯಾವ ಸಣ್ಣ ಉದ್ಯಮ ಶುರುವಾಗಿದೆ? ಮೂರು ತಿಂಗಳ ಪ್ಯಾಕೇಜ್ ಮಾರಿದರೆ ತಪ್ಪೇನು? ಗ್ರಾಹಕರಿಗೂ ಒಂದು ಬದ್ಧತೆ ಬೇಕು. ತಿಂಗಳು ತಿಂಗಳು ಕಟ್ಟುವವರು ದೀಪಾವಳಿಗೆ ಬಿಟ್ಟವರು ಸಂಕ್ರಾಂತಿಯವರೆಗೂ ಬರುವುದಿಲ್ಲ. ಪ್ರಚಾರವನ್ನೂ ಕಡೆಗಣಿಸಬೇಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಕನ್ನಡದಲ್ಲಿ ವ್ಯಾಯಾಮ ಹೇಳಿಕೊಡುವ ವಿಡಿಯೊಗಳಿಗೆ ಒಳ್ಳೆಯ ನೋಡುಗರಿದ್ದಾರೆ.

ಹುಬ್ಬಳ್ಳಿ ಸ್ಟುಡಿಯೊ

ಮೂರು ತಿಂಗಳಿಗೆ ನನ್ನ ವಿರೋಧವಿಲ್ಲ ಸರ್. ನಾನೂ 12 ಸೆಷನ್, 36 ಸೆಷನ್ ಎಂದು ಮಾರುತ್ತೇನೆ. ಷರತ್ತು ಒಂದೇ: ಬಂದ ಹಣ ಬೇರೆ ಖಾತೆಯಲ್ಲಿ ಕೂರಬೇಕು, ಸೆಷನ್ ಮುಗಿದಂತೆ ಅಷ್ಟಷ್ಟೇ ದುಡಿಮೆಯ ಖಾತೆಗೆ ಬರಬೇಕು. ಯಾರಿಗಾದರೂ ಬೇರೆ ಊರಿಗೆ ವರ್ಗವಾದರೆ, ಉಳಿದ ಸೆಷನ್‌ಗಳ ಹಣವನ್ನು ಅದೇ ವಾರ ಹಿಂದಿರುಗಿಸುತ್ತೇನೆ. ಹಾಗೆ ಹಣ ವಾಪಸು ಪಡೆದ ಒಬ್ಬ ಎಂಜಿನಿಯರ್ ತಮ್ಮ ಕಚೇರಿಯ ನಾಲ್ವರನ್ನು ಕಳುಹಿಸಿದರು. ವಿಡಿಯೊ ನೋಡಿ ಬಂದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಬಿಡದೆ ಉಳಿದುಕೊಂಡವರಲ್ಲಿ ಹೆಚ್ಚಿನವರು ಪರಿಚಯದವರ ಮಾತು ಕೇಳಿ ಬಂದವರು.

ಈಗ ದರದ ವಿಷಯ. ಬೆಳಿಗ್ಗೆ 6ರಿಂದ 10, ಸಂಜೆ 5ರಿಂದ 9, ದಿನಕ್ಕೆ 8 ಗಂಟೆ. ತಿಂಗಳಿಗೆ 26 ದಿನ ಹಿಡಿದರೆ 208 ಗಂಟೆ. ಅಷ್ಟೂ ತುಂಬುವುದು ಕನಸು. ಮದುವೆ ಬರುತ್ತದೆ, ಜ್ವರ ಬರುತ್ತದೆ, ಮಕ್ಕಳ ಪರೀಕ್ಷೆ ಬರುತ್ತದೆ, ನಿಮ್ಮಲ್ಲಿ ದುಗ್ಗಮ್ಮನ ಜಾತ್ರೆ ಬಂತೆಂದರೆ ವಾರವಿಡೀ ಯಾರೂ ಇತ್ತ ಸುಳಿಯುವುದಿಲ್ಲ. 140 ಗಂಟೆ ಎಂದು ಇಟ್ಟುಕೊಳ್ಳಿ. ಒಬ್ಬೊಬ್ಬರಿಗೇ 500 ರೂಪಾಯಿಯಂತೆ ಕಲಿಸಿದರೆ 70,000 ಬರುತ್ತದೆ. 8 ಲಕ್ಷದ ಸಾಲಕ್ಕೆ ಐದು ವರ್ಷದ ಕಂತು ಸುಮಾರು 17,000 ಆಗುತ್ತದೆ, ಅದನ್ನು ಸೇರಿಸಿದರೆ ಖರ್ಚು 62,000. ನಿಮಗೆ ಉಳಿಯುವುದು 8,000! ಇಡೀ ದಿನ ನಿಂತು ದುಡಿದದ್ದಕ್ಕೆ.

ಅದೇ 140 ಗಂಟೆಯಲ್ಲಿ ಅರ್ಧವನ್ನು ಮೂವರ ಗುಂಪಿಗೆ ಕೊಡಿ, ತಲೆಗೆ 300 ರೂಪಾಯಿ. 70 ಗಂಟೆ ಒಂಟಿ ಸೆಷನ್‌ನಿಂದ 35,000, 70 ಗಂಟೆ ಮೂವರ ಸೆಷನ್‌ನಿಂದ 63,000, ಒಟ್ಟು 98,000. ಈಗ 36,000 ಉಳಿಯಿತು. ಗ್ರಾಹಕರಿಗೂ ಕಡಿಮೆ ಬೆಲೆಯಲ್ಲಿ ಟ್ರೈನರ್‌ನ ಕಣ್ಣು ಸಿಗುತ್ತದೆ. ಮೂವರಿಗಿಂತ ಹೆಚ್ಚು ಮಾಡಬೇಡಿ. ನಾಲ್ಕನೆಯವರು ಬಂದ ಕೂಡಲೇ, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಮಾಡುವವರ ಬೆನ್ನು ಗಮನದಿಂದ ತಪ್ಪುತ್ತದೆ.

ತುಮಕೂರು ತೆರಿಗೆ ಸಲಹೆಗಾರ

ಕರಾರಿನ ಭಯ ಬಿಡಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಒಬ್ಬನ ಉದ್ಯೋಗ ವ್ಯಾಪಾರಕ್ಕೆ ತಡೆ ಹಾಕುವ ಒಪ್ಪಂದ ಆ ಮಟ್ಟಿಗೆ ಅಸಿಂಧು. ಕೆಲಸ ಬಿಟ್ಟ ಮೇಲೆ ಸ್ಪರ್ಧಿಸಬಾರದು ಎಂಬ ಷರತ್ತುಗಳನ್ನು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಆದರೂ ಆ ಕಾಗದವನ್ನು ಒಬ್ಬ ವಕೀಲರಿಗೆ ತೋರಿಸಿ. ಮತ್ತು ಒಂದು ಮಾತು: ಜಿಮ್‌ನ ಕಂಪ್ಯೂಟರಿನಿಂದ ಸದಸ್ಯರ ದೂರವಾಣಿ ಪಟ್ಟಿಯನ್ನು ತರಬೇಡಿ. ಅದು ಬೇರೆಯೇ ತಕರಾರು. ನಿಮ್ಮನ್ನು ಹುಡುಕಿಕೊಂಡು ಬರುವವರು ಹೇಗೂ ಬರುತ್ತಾರೆ.

ಜಿಎಸ್‌ಟಿ ಕುರಿತು. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಸರಕು ಮಾತ್ರ ಮಾರುವವರಿಗೆ ಇರುವ 40 ಲಕ್ಷದ ಮಿತಿ ನಿಮಗೆ ಅನ್ವಯಿಸುವುದಿಲ್ಲ, ಪಕ್ಕದಲ್ಲಿ ಪ್ರೋಟೀನ್ ಪುಡಿಯ ಡಬ್ಬಿ ಮಾರಿದರೂ ಅಷ್ಟೆ. ಜಿಮ್ ಸೇವೆಯ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ, ಅಂದರೆ ಟ್ರೆಡ್‌ಮಿಲ್ ಕೊಳ್ಳುವಾಗ ಕಟ್ಟಿದ ತೆರಿಗೆ ನಿಮ್ಮ ಖರ್ಚೇ ಆಗುತ್ತದೆ. ಬೆಲೆ ವಿಚಾರಿಸುವಾಗ ತೆರಿಗೆ ಸೇರಿದ ಬೆಲೆಯನ್ನೇ ಕೇಳಿ. ಹುಬ್ಬಳ್ಳಿಯವರ ಲೆಕ್ಕದಲ್ಲಿ ತಿಂಗಳಿಗೆ 98,000 ಎಂದರೆ ವರ್ಷಕ್ಕೆ 12 ಲಕ್ಷದ ಒಳಗೆ. ಎರಡನೆಯ ಟ್ರೈನರ್ ಬಂದಾಗ ಮಿತಿ ದಾಟಬಹುದು, ಆಗ ಎಚ್ಚರವಿರಲಿ.

2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳುಹಿಸಿದಾಗ ಎಷ್ಟೋ ಸಣ್ಣ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ನಗದಿಗೆ ಮರಳಿದ್ದು ನೆನಪಿರಬೇಕು. ಅಂಥ ಗಾಬರಿ ಬೇಡವೆಂದರೆ ಮೊದಲ ದಿನದಿಂದಲೇ ಸ್ಟುಡಿಯೊಗೆ ಪ್ರತ್ಯೇಕ ಬ್ಯಾಂಕ್ ಖಾತೆ ಮಾಡಿ. ತಂಗಿಯ ಮದುವೆಗೆ ಗೆಳೆಯರು ಕಳುಹಿಸಿದ ಹಣವೂ ಸೆಷನ್ ಶುಲ್ಕವೂ ಒಂದೇ ಖಾತೆಯಲ್ಲಿ ಬೆರೆತರೆ ಬಿಡಿಸಿ ತೋರಿಸುವುದು ಕಷ್ಟ.

ಪಾಲಿಕೆಯ ಉದ್ದಿಮೆ ಪರವಾನಗಿ, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿ. ಕೊನೆಯದಕ್ಕೆ ಸರ್ಕಾರಿ ಶುಲ್ಕವಿಲ್ಲ. ಮುದ್ರಾದ ತರುಣ್ ವರ್ಗದಲ್ಲಿ 5 ಲಕ್ಷಕ್ಕಿಂತ ಹೆಚ್ಚು, 10 ಲಕ್ಷದವರೆಗೆ ಅಡಮಾನವಿಲ್ಲದ ಸಾಲವಿದೆ. ನಿಮ್ಮ 8 ಲಕ್ಷ ಅದರಲ್ಲೇ ಬರುತ್ತದೆ. ಹಾಡು ಹಾಕುವುದಾದರೆ ಧ್ವನಿಮುದ್ರಣಗಳ ಹಕ್ಕುಸ್ವಾಮ್ಯದ ಪರವಾನಗಿಯನ್ನೂ ವಿಚಾರಿಸಿ.

ಮಂಗಳೂರು ಫಿಸಿಯೊ

ಇಷ್ಟು ಹೊತ್ತು ಹಣದ ಮಾತಾಯಿತು. ಬಾಗಿಲೊಳಗೆ ಬರುವ ದೇಹದ ಬಗ್ಗೆ ಒಂದಿಷ್ಟು ಹೇಳುತ್ತೇನೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ತೀರಿಕೊಂಡ ನಂತರದ ದಿನಗಳು ಎಲ್ಲರಿಗೂ ನೆನಪಿವೆ. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಸಾಲು ನಿಂತಿತು, ಜಿಮ್‌ಗೆ ಹೋಗುವ ಮಕ್ಕಳನ್ನು ತಾಯಂದಿರು ತಡೆದರು. ವ್ಯಾಯಾಮವೇ ಅಪಾಯವೆಂಬ ಮಾತು ಮನೆ ಮನೆಯಲ್ಲಿ ಹರಡಿತು. ಅದು ಸರಿಯಲ್ಲ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಯಾರಿಗೆ ಏನು ಇದೆ ಎಂದು ಕೇಳದೆ ಮೊದಲ ದಿನವೇ ಉಸಿರು ಕಟ್ಟುವಂತೆ ಓಡಿಸುವುದು ನಿಜವಾದ ಅಪಾಯ.

ವ್ಯಾಯಾಮ ಶುರು ಮಾಡುವ ಮೊದಲು ತುಂಬಿಸುವ ಪಾರ್-ಕ್ಯೂ ಪ್ಲಸ್ ಎಂಬ ಪ್ರಶ್ನಾವಳಿ ಇದೆ, ಮೊದಲ ಪುಟದಲ್ಲಿ ಏಳು ಪ್ರಶ್ನೆಗಳು. ಹೃದಯದ ತೊಂದರೆ ಅಥವಾ ರಕ್ತದೊತ್ತಡ ಇದೆಯೇ, ಎದೆನೋವು ಬರುತ್ತದೆಯೇ, ತಲೆಸುತ್ತು ಬಂದು ಬಿದ್ದದ್ದುಂಟೇ, ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳುತ್ತದೆ. ಒಂದಕ್ಕೆ ಹೌದು ಎಂದರೂ ಮುಂದಿನ ಪುಟಗಳನ್ನು ತುಂಬಿಸಿ, ಅಗತ್ಯ ಕಂಡರೆ ವೈದ್ಯರ ಬಳಿ ಕಳುಹಿಸಿ. ಹಾಗೆ ಕಳುಹಿಸಿದರೆ ಗ್ರಾಹಕ ಕೈತಪ್ಪುತ್ತಾನೆಂದು ಹೆದರುವವರಿದ್ದಾರೆ. ನನ್ನ ಅನುಭವದಲ್ಲಿ ಹಾಗೆ ಬಂದವರು ವರದಿಯೊಂದಿಗೆ ಅದೇ ಟ್ರೈನರ್ ಬಳಿಗೆ ಮರಳುತ್ತಾರೆ, ಅಪ್ಪ ಅಮ್ಮನನ್ನೂ ಕರೆತರುತ್ತಾರೆ. ಗೋಡೆಯಲ್ಲೊಂದು ರಕ್ತದೊತ್ತಡದ ಯಂತ್ರ ಇರಲಿ. ನೀವೂ ನಿಮ್ಮ ಪ್ರತಿಯೊಬ್ಬ ಟ್ರೈನರೂ ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ ಸಿಪಿಆರ್ ಕಲಿಯಿರಿ: ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರ ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಓದಿದರೆ ಸಾಲದು, ಬೊಂಬೆಯ ಮೇಲೆ ಕೈಯಿಟ್ಟು ಅಭ್ಯಾಸ ಮಾಡಬೇಕು.

ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಅಂದಾಜಿಸಿತು. ನಿಮ್ಮ ನಿಜವಾದ ಗ್ರಾಹಕರು ಅವರಲ್ಲಿದ್ದಾರೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬಂದರೆ ಏನಾಗಬಹುದು, ಬೆವರಿ ನಡುಗಿದರೆ ಏನು ಕೊಡಬೇಕು ಎಂಬುದು ತಿಳಿದಿರಲಿ. ಇನ್ನು ಸ್ಟೆರಾಯ್ಡ್ ಸೂಜಿಯ ಮಾತು ಯಾರಾದರೂ ನಿಮ್ಮ ಸ್ಟುಡಿಯೊದಲ್ಲಿ ಎತ್ತಿದರೆ ಅದೇ ದಿನ ಅವರನ್ನು ಹೊರಗೆ ಕಳುಹಿಸಿ. ಅದರಲ್ಲಿ ಚೌಕಾಸಿ ಬೇಡ.

ಜಯನಗರದ ಸದಸ್ಯ

ನಾನು ಟ್ರೈನರ್ ಅಲ್ಲ, ಬ್ಯಾಂಕಿನಿಂದ ನಿವೃತ್ತನಾದವನು. ಹಣ ಕಟ್ಟುವವನ ಕಡೆಯಿಂದ ಹೇಳುತ್ತೇನೆ. ಮೊದಲು ಸೇರಿದ ದೊಡ್ಡ ಜಿಮ್‌ನಲ್ಲಿ ಶುಲ್ಕ ಕಟ್ಟುವವರೆಗೆ ಮೂವರು ನನ್ನ ಸುತ್ತ ಇದ್ದರು. ಕಟ್ಟಿದ ಮೇಲೆ ಟ್ರೆಡ್‌ಮಿಲ್ ತೋರಿಸಿ ಹೋದವರು ನನ್ನ ಹೆಸರನ್ನೂ ಮರೆತರು. ಈಗ ಹೋಗುವ ಸಣ್ಣ ಸ್ಟುಡಿಯೊದಲ್ಲಿ ಇರುವುದು ತೂಕದ ಸರಳನ್ನು ಇಡುವ ಒಂದು ರ‍್ಯಾಕ್, ಕೆಲವು ಡಂಬೆಲ್, ಕೆಟಲ್‌ಬೆಲ್. ಆದರೆ ಹುಡುಗ ಪ್ರತಿ ಸೆಷನ್ನಿನ ತೂಕವನ್ನೂ ನನ್ನ ಮೊಣಕಾಲಿನ ನೋವನ್ನೂ ಪುಸ್ತಕದಲ್ಲಿ ಬರೆಯುತ್ತಾನೆ. ಎರಡು ದಿನ ಹೋಗದಿದ್ದರೆ ಫೋನು ಬರುತ್ತದೆ. "ಸೊಂಟ ಹಿಂದಕ್ಕೆ ತನ್ನಿ ಸರ್, ಕುರ್ಚಿಯಲ್ಲಿ ಕೂರುವಂತೆ" ಎಂದು ಕನ್ನಡದಲ್ಲಿ ಹೇಳುತ್ತಾನೆ, ನನಗೆ ಕೂಡಲೇ ಅರ್ಥವಾಗುತ್ತದೆ. ನೆಲದ ಮೇಲೆ ಕುಳಿತು ಊಟ ಮಾಡಿ ಯಾರ ಆಸರೆಯೂ ಇಲ್ಲದೆ ಎದ್ದೇಳುವುದು ನನ್ನಿಂದ ಮತ್ತೆ ಸಾಧ್ಯವಾಗಿದೆ. ಅದಕ್ಕೆ ಬೆಲೆ ಕಟ್ಟುವುದು ಹೇಗೆ?

ಒಂದು ವಿನಂತಿ. ಮುದ್ದೆ ಬಿಡಿ, ಅನ್ನ ಬಿಡಿ, ಬ್ರೊಕೊಲಿ ತಿನ್ನಿ ಎಂಬ ಪಟ್ಟಿಯನ್ನು ಕೊಡಬೇಡಿ. ಹೆಸರುಕಾಳು, ಹುರುಳಿ, ಮೊಸರು, ಮೊಟ್ಟೆ ನಮ್ಮ ಅಡುಗೆಮನೆಯಲ್ಲೇ ಇವೆ. ಮುದ್ದೆಯ ಗಾತ್ರ ಇಳಿಸಿ ಉಪ್ಸಾರಿನ ಕಾಳು ಹೆಚ್ಚಿಸಿ ಎಂದ ಟ್ರೈನರ್ ಮಾತನ್ನು ನನ್ನ ಹೆಂಡತಿಯೂ ಕೇಳಿದಳು.

ಶಿವಮೊಗ್ಗ ತರಬೇತುದಾರ್ತಿ

ಅಣ್ಣಾ, ಎಲ್ಲರೂ ಬೆಳಿಗ್ಗೆ ಸಂಜೆಯ ಲೆಕ್ಕ ಹೇಳಿದರು. ಹನ್ನೊಂದರಿಂದ ನಾಲ್ಕರವರೆಗೆ ಬಾಡಿಗೆ ಕಟ್ಟಿಯೂ ಬಾಗಿಲು ಮುಚ್ಚುತ್ತೀರಾ? ಮಕ್ಕಳನ್ನು ಶಾಲೆಗೆ ಕಳುಹಿಸಿ, ಅಡುಗೆ ಮುಗಿಸಿ, ತಮಗೆಂದು ಒಂದು ಗಂಟೆ ಸಿಗುವ ಹೆಂಗಸರಿಗೆ ಆ ಹೊತ್ತೇ ಅನುಕೂಲ. ನನ್ನ ಹತ್ತಿರ ಬರುವವರಲ್ಲಿ ಬಹುಪಾಲು ಜನ ಜೀವನದಲ್ಲಿ ಎಂದೂ ಜಿಮ್ ಮೆಟ್ಟಿಲು ಹತ್ತಿರಲಿಲ್ಲ. ಗಂಡಸರು ಸುತ್ತ ನಿಂತು ನೋಡುತ್ತಾರೆಂಬ ಸಂಕೋಚ, ಬಟ್ಟೆಯ ಚಿಂತೆ, "ಈ ವಯಸ್ಸಿನಲ್ಲಿ ನಿನಗೇಕೆ" ಎಂಬ ಅತ್ತೆಯ ಮಾತು. ಚೂಡಿದಾರ್ ತೊಟ್ಟೇ ಬನ್ನಿ, ವೇಲ್ ಪಕ್ಕಕ್ಕಿಡಿ ಎಂದು ಶುರು ಮಾಡಿದೆ. ಇಂದು ಅವರಲ್ಲಿ ಕೆಲವರು ಬಾರ್ಬೆಲ್ ಎತ್ತುತ್ತಾರೆ.

ಅದಕ್ಕೆ ಮಹಿಳಾ ಟ್ರೈನರ್ ಬೇಕು, ಬದಲಾಯಿಸುವ ಕೋಣೆಗೆ ಒಳಗಿನಿಂದ ಚಿಲಕ ಬೇಕು, ಒಳ್ಳೆಯ ಶೌಚಾಲಯ ಬೇಕು, ಸಿಸಿಟಿವಿ ಎಲ್ಲಿದೆ ಎಂದು ಬಾಗಿಲಲ್ಲೇ ಬರೆದಿರಬೇಕು. ಹೆರಿಗೆಯ ನಂತರ ಬರುವವರಿಗೆ ವೈದ್ಯರ ಒಪ್ಪಿಗೆ ಕೇಳಿ, ಹೊಟ್ಟೆ ಕರಗಿಸುವ ಭರವಸೆಯನ್ನು ಎಂದೂ ಕೊಡಬೇಡಿ. ಮತ್ತು ಆ ಮಹಿಳಾ ಟ್ರೈನರ್‌ಗೆ ನಿಮಗೆ ಸಿಗುತ್ತಿದ್ದ ಮೂರನೆಯ ಒಂದು ಭಾಗವನ್ನೇ ಕೊಟ್ಟು ದುಡಿಸಬೇಡಿ ಅಣ್ಣಾ. ಅವಳೂ ನಿಮ್ಮಂತೆಯೇ ಲೆಕ್ಕ ಹಾಕುತ್ತಾಳೆ.

ಮೈಸೂರು ಗರಡಿ

ನಮ್ಮ ಮನೆತನದ ಗರಡಿಯಲ್ಲಿ ದಂಡ, ಬಸ್ಕಿ, ಗದೆ ತಿರುಗಿಸಿ ಬೆಳೆದವನು ನಾನು, ಈಗ ಅದರ ಪಕ್ಕದಲ್ಲೇ ಟ್ರೈನಿಂಗ್ ನಡೆಸುತ್ತೇನೆ. ಗರಡಿಯಲ್ಲಿ ಉಸ್ತಾದರು ಇಪ್ಪತ್ತು ಹುಡುಗರ ನಡುವೆ ಯಾರ ಹೆಗಲು ಇಳಿದಿದೆ, ಯಾರು ನಿನ್ನೆ ನಿದ್ದೆ ಮಾಡಿಲ್ಲ ಎಂದು ಕುಸ್ತಿಯ ಮಣ್ಣಿಗೆ ಇಳಿಯುವ ಮೊದಲೇ ಹೇಳುತ್ತಿದ್ದರು. ಪರ್ಸನಲ್ ಟ್ರೈನಿಂಗ್ ನಮಗೆ ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ಬೆಂಗಳೂರಿನ ಕೆ. ವಿ. ಅಯ್ಯರ್ ಅವರು ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸುತ್ತ, ಅಂಚೆಯ ಮೂಲಕ ಪಾಠ ಕಳುಹಿಸಿ ದೂರದೂರಿನವರಿಗೂ ಅಂಗಸಾಧನೆ ಕಲಿಸಿದರು. ಇಂದು ಮೊಬೈಲಿನಲ್ಲಿ ಮಾಡುವ ದೂರ ತರಬೇತಿಯನ್ನು ಅವರು ಅಂಚೆಚೀಟಿ ಅಂಟಿಸಿ ಮಾಡಿದರು. ಕಾದಂಬರಿಯನ್ನೂ ಬರೆದ ಮನುಷ್ಯ ಅವರು, ದೇಹ ಕಟ್ಟುವವರಿಗೆ ಓದು ಬೇಡವೆಂಬ ಮಾತಿಗೆ ಅವರ ಬದುಕೇ ಉತ್ತರ.

ಆದ್ದರಿಂದ ಬ್ಯಾಂಕಿನ ಹಣದಲ್ಲಿ ಒಂದಿಷ್ಟನ್ನು ನಿಮ್ಮ ಕಲಿಕೆಗೆ ಇಡಿ. ಎಸಿಇ, ಎನ್‌ಎಸ್‌ಸಿಎ, ಎಸಿಎಸ್‌ಎಂ ಎಂಬ ಅಮೆರಿಕದ ಸಂಸ್ಥೆಗಳು ಟ್ರೈನರ್‌ಗಳಿಗೆ ಕೊಡುವ ಒಂದು ಪ್ರಮಾಣಪತ್ರ ಇದ್ದರೆ ವೈದ್ಯರು ನಿಮ್ಮನ್ನು ಹೆಚ್ಚು ಗಂಭೀರವಾಗಿ ಕಾಣುತ್ತಾರೆ. ದರದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. 500, 300 ಎಂದರೆ ಗಾರೆ ಕೆಲಸದವನ ಮಗ ಬರುವುದಿಲ್ಲ. ನಾನು ವಾರಕ್ಕೆ ಎರಡು ಗಂಟೆ ಶುಲ್ಕವಿಲ್ಲದೆ ಬಡಾವಣೆಯ ಹುಡುಗರಿಗೆ ಕಲಿಸುತ್ತೇನೆ. ಅವರಲ್ಲೇ ಇಬ್ಬರು ಈಗ ನನ್ನ ಸಹಾಯಕರು.

ದಾವಣಗೆರೆ ಟ್ರೈನರ್

ಎಲ್ಲರ ಮಾತನ್ನೂ ಬರೆದಿಟ್ಟುಕೊಂಡಿದ್ದೇನೆ. ವರ್ಷದ ಸದಸ್ಯತ್ವ ಮಾರುವುದಿಲ್ಲ. ಮುದ್ರಾ ಸಾಲಕ್ಕೇ ಹೋಗುತ್ತೇನೆ. 12 ಮತ್ತು 36 ಸೆಷನ್‌ಗಳ ಪ್ಯಾಕೇಜ್, ಮೂವರ ಬ್ಯಾಚ್. ಶಿವಮೊಗ್ಗದ ಅಕ್ಕ ಹೇಳಿದಂತೆ ಹನ್ನೊಂದರಿಂದ ಒಂದರವರೆಗೆ ಮಹಿಳೆಯರ ಬ್ಯಾಚ್, ಅದಕ್ಕೆ ನನ್ನೊಂದಿಗೆ ಕೆಲಸ ಮಾಡಿದ ಒಬ್ಬ ಮಹಿಳಾ ಟ್ರೈನರ್ ಜೊತೆ ಮಾತನಾಡಿದ್ದೇನೆ. ಆ ಬ್ಯಾಚಿನ ಶುಲ್ಕದಲ್ಲಿ ಅವರಿಗೆ ಶೇ 60. ಇನ್ನೆರಡು ಪ್ರಶ್ನೆ: ಮಾಲೀಕರು ಹನ್ನೊಂದು ತಿಂಗಳ ಬಾಡಿಗೆ ಪತ್ರವೇ ಸಾಕು ಎನ್ನುತ್ತಾರೆ, ಒಪ್ಪಬಹುದೇ? ಉಪಕರಣದಲ್ಲಿ ಮೊದಲು ಏನು ಕೊಳ್ಳಲಿ?

ತುಮಕೂರು ತೆರಿಗೆ ಸಲಹೆಗಾರ

ಒಪ್ಪಬೇಡಿ. ನೆಲಹಾಸು, ಕನ್ನಡಿ, ವೈರಿಂಗ್ ಎಲ್ಲ ನಿಮ್ಮ ಖರ್ಚಿನಲ್ಲಿ ಆದ ಮೇಲೆ ಹನ್ನೆರಡನೆಯ ತಿಂಗಳಲ್ಲಿ ಬಾಡಿಗೆ ಏರಿಸಿದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಸಾಲ ಐದು ವರ್ಷದ್ದು, ಬಾಡಿಗೆ ಪತ್ರವೂ ಐದು ವರ್ಷದ್ದೇ ಇರಲಿ, ವಾರ್ಷಿಕ ಏರಿಕೆ ಎಷ್ಟೆಂದು ಅದರಲ್ಲೇ ಬರೆಸಿ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಖರ್ಚು ಆಗುತ್ತದೆ, ಆದರೂ ಮಾಡಿಸಿ. ವಿದ್ಯುತ್ ಮೀಟರ್ ವಾಣಿಜ್ಯ ದರದ ಎಲ್‌ಟಿ-3ಕ್ಕೆ ಬದಲಾಗಿದೆಯೇ ನೋಡಿಕೊಳ್ಳಿ.

ಹುಬ್ಬಳ್ಳಿ ಸ್ಟುಡಿಯೊ

ಶೇ 60 ಕೊಡುವ ನಿರ್ಧಾರ ಕೇಳಿ ಸಂತೋಷವಾಯಿತು ತಮ್ಮಾ.

ಉಪಕರಣಕ್ಕೆ ಮೊದಲು ಮಹಡಿಯ ಕತೆ ತಿಳಿದುಕೊಳ್ಳಿ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಕೋಣೆಯ ನೆಲಕ್ಕೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಆ ಕಟ್ಟಡ ಮನೆಯೆಂದು ಕಟ್ಟಿದ್ದೋ ಅಂಗಡಿಯೆಂದು ಕಟ್ಟಿದ್ದೋ ವಿಚಾರಿಸಿ, ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲಿ. ಭಾರವಾದ ರ‍್ಯಾಕನ್ನು ಕೋಣೆಯ ನಡುವೆ ಇಡದೆ, ತೊಲೆ ಮತ್ತು ಕಂಬ ಇರುವ ಬದಿಗೆ ಇಡುವುದು ಒಳ್ಳೆಯದು. ಎಲ್ಲಿ ಎಂಬುದನ್ನು ಅವರೇ ಗುರುತು ಹಾಕಿ ಕೊಡಲಿ. ಕೆಳಗಿನ ಮನೆಯವರಿಗೆ ಬೆಳಿಗ್ಗೆ ಆರಕ್ಕೆ ಬಾರ್ಬೆಲ್ ಬೀಳುವ ಸದ್ದು ಕೇಳಿದರೆ ಒಂದೇ ವಾರದಲ್ಲಿ ದೂರು ಬರುತ್ತದೆ, ಆದ್ದರಿಂದ ದಪ್ಪ ರಬ್ಬರ್ ಹಾಸಿನಲ್ಲಿ ಉಳಿತಾಯ ಬೇಡ.

ಕೊಳ್ಳುವುದಾದರೆ ಎರಡು ರ‍್ಯಾಕ್, ಎರಡು ಬಾರ್ಬೆಲ್, 2.5 ಕಿಲೋದಿಂದ ಶುರುವಾಗುವ ಡಂಬೆಲ್ ಸಾಲು, ಎತ್ತರ ಬದಲಾಯಿಸಬಹುದಾದ ಬೆಂಚು, ಕೆಟಲ್‌ಬೆಲ್, ಎಲಾಸ್ಟಿಕ್ ಬ್ಯಾಂಡ್, ಒಂದು ಕೇಬಲ್ ಯಂತ್ರ. 1.25 ಕಿಲೋದ ಸಣ್ಣ ತಟ್ಟೆಗಳನ್ನು ಮರೆಯಬೇಡಿ, ಐವತ್ತು ದಾಟಿದವರಿಗೆ ತೂಕ ಏರಿಸುವುದು ಅವುಗಳಿಂದಲೇ. ಟ್ರೆಡ್‌ಮಿಲ್ ಈಗ ಬೇಡ, ನಿಮ್ಮ ಊರಿನಲ್ಲಿ ನಡೆಯಲು ಉದ್ಯಾನಗಳಿವೆ. ಜಾಗದ ಅಳತೆಗೆ ಹೋಗುವಾಗ ಮೆಟ್ಟಿಲಿನ ಅಗಲವನ್ನೂ ತಿರುವನ್ನೂ ಅಳೆದುಕೊಂಡು ಬನ್ನಿ. ರ‍್ಯಾಕ್ ಬಿಡಿಬಿಡಿಯಾಗಿ ಮೇಲೆ ಬರುತ್ತದೆ, ಕೇಬಲ್ ಯಂತ್ರದ ಚೌಕಟ್ಟು ಎಷ್ಟು ಭಾಗವಾಗಿ ಬಿಚ್ಚಿಕೊಳ್ಳುತ್ತದೆ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು.